ಬಿಚ್ಚಬಾರದ ಚೀಲ

ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಅಂತ ಬಲ್ಲವರು ಹಾಡಿದ್ದಾರೆ. ಬೆಂಕಿಗೆ ಹೋಗಿ ಬಂದ ಕೋಟನ್ನು ಶುದ್ಧ ಮಾಡುವವರು ಯಾರು ಅಂತ ಮಾತ್ರ ಯಾರೂ ಹಾಡಲಿಲ್ಲ. ಹಾಡಿದ್ದರೆ ಯಾವುದೋ ಒಂದು ಸಾಲಿನ ಕೊನೆಯಲ್ಲಾದರೂ ಸೋಪಕ್ಕನ ಹೆಸರು ಸಿಗುತ್ತಿತ್ತು.

ಸೋಪಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅಗ್ನಿಶಾಮಕ ಠಾಣೆಯವರು ಇಟ್ಟದ್ದು. ಮೊದಲು ಸೋಪಿನ ವಾಸನೆ ಬರುತ್ತದೆ, ಹಿಂದಿನಿಂದ ಇವಳು ಬರುತ್ತಾಳೆ ಅಂತ ಮಸಿಯಣ್ಣ ಒಂದು ದಿನ ನಗೆಯಾಡಿದ. ಹೆಸರು ಮೈಗೆ ಅಂಟಿತು. ಅವಳೂ ಕೋಪ ಮಾಡಿಕೊಳ್ಳಲಿಲ್ಲ. ಅವನ ಹೆಸರೇನು ದೊಡ್ಡದೇ? ಠಾಣೆಯಲ್ಲಿ ಎಲ್ಲರಿಗಿಂತ ಕಪ್ಪು ಕೋಟು ಅವನದು, ಅದಕ್ಕೇ ಮಸಿಯಣ್ಣ.

ಆಗೆಲ್ಲ ಕೋಟು ಕಪ್ಪಾದಷ್ಟೂ ಆಳು ದೊಡ್ಡವನು. ಕೋಟು ಒಗೆಯುವುದೆಂದರೆ ಪದಕ ಕಿತ್ತು ಚರಂಡಿಗೆ ಎಸೆದಂತೆ. ಹೊಸದಾಗಿ ಸೇರಿದವನು ಹಳದಿ ಕೋಟು ಹಾಕಿಕೊಂಡು ಬಂದರೆ, "ಏನಪ್ಪಾ ಮದುಮಗ, ದಿಬ್ಬಣ ಎಲ್ಲಿಗೆ?" ಅಂತ ಉಳಿದವರು ಕಾಡುತ್ತಿದ್ದರು. ಕಾಟ ತಾಳಲಾರದೆ ಹೊಸಬರು ಬೆಂಕಿ ಆರಿದ ಮೇಲೆ ಸುಟ್ಟ ತೊಲೆಗೆ ಕೋಟು ಉಜ್ಜಿ ಕಪ್ಪು ಮಾಡಿಕೊಳ್ಳುತ್ತಿದ್ದರು. ಆ ಕಪ್ಪು ಕೋಟಿನ ಮೇಲೇ ತಲೆಯಿಟ್ಟು ಮಲಗುತ್ತಿದ್ದರು. ಆ ಕಪ್ಪು ಕೈಯಲ್ಲೇ ಉಣ್ಣುತ್ತಿದ್ದರು. ಸೋಪಕ್ಕನ ಪಾಲಿಗೆ ಬರುತ್ತಿದ್ದದ್ದು ಹಾಸಿಗೆ ಬಟ್ಟೆ, ಖಾಕಿ ಅಂಗಿ, ನೆಲದ ಬಟ್ಟೆ. ಅಷ್ಟೇ.

ಆಮೇಲೆ ಸತ್ತವರ ಲೆಕ್ಕ ಯಾರಿಗೋ ಕಣ್ಣಿಗೆ ಬಿತ್ತು. ಬೆಂಕಿಯಲ್ಲಿ ಬಿದ್ದು ಸತ್ತವರಲ್ಲ. ಬೆಂಕಿಯಿಂದ ಬದುಕಿ ಬಂದು, ನಿವೃತ್ತಿಯಾಗಿ, ಮನೆ ಜಗಲಿಯಲ್ಲಿ ಕೂತು ಸತ್ತವರು. ಒಬ್ಬನಿಗೆ ಗಂಟಲು, ಒಬ್ಬನಿಗೆ ಮೂತ್ರಕೋಶ, ಒಬ್ಬನಿಗೆ ರಕ್ತ. ರೋಗದ ಹೆಸರು ಮಾತ್ರ ಒಂದೇ. ಮಸಿಯಲ್ಲಿ ವಿಷ ಇದೆ, ಅದು ಚರ್ಮದೊಳಗೆ ಇಳಿಯುತ್ತದೆ ಅಂತ ಗೊತ್ತಾಯಿತು. ಇಲಾಖೆಯ ಕರುಳು ಚುರ್ ಅಂದಿತು. ಪ್ರತಿ ಬೆಂಕಿಯ ನಂತರ ಪ್ರತಿ ಕೋಟನ್ನೂ ಒಗೆಯತಕ್ಕದ್ದು ಅಂತ ಆದೇಶ ಬಂತು.

ಒಳ್ಳೆಯ ಆದೇಶ. ಇಂಥ ಆದೇಶ ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಜಗಲಿಗಳಲ್ಲಿ ಇನ್ನೂ ಜನ ಕೂತಿರುತ್ತಿದ್ದರು. ಒಗೆಯತಕ್ಕದ್ದು ಅಂತ ಇತ್ತು. ಯಾರು ಅಂತ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಸೋಪಕ್ಕ ಠಾಣೆಯ ಹಿತ್ತಲಲ್ಲಿ ಕಲ್ಲು ಹಾಕಿಕೊಂಡು ಶುರು ಮಾಡಿದಳು. ಕೋಟಿನಿಂದ ಇಳಿದ ನೀರು ಅಂಗಳದ ತುಂಬ ಕಪ್ಪಗೆ ಹರಿಯಿತು. ಠಾಣೆಯ ಸಾಹೇಬರು ಮೂಗು ಮುಚ್ಚಿಕೊಂಡು ಬಂದರು.

"ಏನಮ್ಮಾ ಇದು, ಬಂದೋರು ಹೋದೋರು ನೋಡಿದ್ರೆ ಏನಂತಾರೆ? ಆಮೇಲೆ ಈ ನೀರು ಬೆಂಕಿಗೆ ಅಂತ ಇಟ್ಟಿರೋದು. ಮನೆಗೆ ತಗೊಂಡು ಹೋಗಿ ಒಗ್ಕೊಂಡು ಬಾ."

ಬೆಂಕಿ ಆರಿಸುವ ಠಾಣೆಯಲ್ಲಿ ಮಸಿ ತೊಳೆಯಲು ನೀರಿಲ್ಲ. ಸೋಪಕ್ಕನ ಕೇರಿಯ ನಲ್ಲಿಯಲ್ಲಿ ಇದೆ, ದಿನ ಬಿಟ್ಟು ದಿನ, ಹೆಬ್ಬೆರಳು ಗಾತ್ರ.

ಅವಳು ಹೊತ್ತಳು. ಠಾಣೆಯಿಂದ ಮನೆಗೆ, ಮನೆಯಿಂದ ಠಾಣೆಗೆ. ಒಣಗಿದ ಕೋಟೇ ಭಾರ. ನೆಂದ ಕೋಟು ಹೆಣಭಾರ. ಎತ್ತಿ ಕಲ್ಲಿಗೆ ಬಡಿದರೆ ಭುಜ ಕಳಚುತ್ತಿತ್ತು. ಕಾಲರಿನ ಸಂದಿ, ಕಂಕುಳ, ತೋಳಿನ ತುದಿ, ಜೇಬಿನ ಒಳಗು, ಬೆರಳು ಹಾಕಿ ಉಜ್ಜಬೇಕು. ಮೊದಲ ನೀರು ಕಪ್ಪು. ಎರಡನೆಯದೂ ಕಪ್ಪು. ಮೂರನೆಯದು ಬೂದು. ಸುಟ್ಟ ಪ್ಲಾಸ್ಟಿಕ್ಕಿನ ನಾತ ಅಂಗೈಯೊಳಗೆ ಇಳಿದು ಕೂತಿತು. ತುತ್ತು ಬಾಯಿಗೆ ಹೋಗುವ ಮೊದಲು ಆ ನಾತ ಮೂಗಿಗೆ ಹೋಗುತ್ತಿತ್ತು. ಉಗುರ ಬುಡ ಕಪ್ಪಾಯಿತು. ಬೆರಳ ಸಂದಿ ಸೀಳಿತು. ಸೀಳಿದ ಜಾಗಕ್ಕೆ ಮತ್ತೆ ಸೋಪು. ಅದರ ಉರಿ ಅವಳಿಗೇ ಗೊತ್ತು.

ಮನೆ ಅಂದರೆ ಒಂದೇ ಕೋಣೆ. ಮಗ ಲಾರಿ ಮೇಲೆ ಊರೂರು. ಮನೆಯಲ್ಲಿ ಇವಳು, ಸೊಸೆ, ಮೊಮ್ಮಗಳು ಪುಟ್ಟಿ. ಹೊರಗೆ ಜಾಗ ಸಾಲದೆ ಕೋಟುಗಳನ್ನು ಕೋಣೆಯೊಳಗೇ ಹಗ್ಗಕ್ಕೆ ಹಾಕುತ್ತಿದ್ದಳು. ತಲೆಯಿಲ್ಲದ ಗಂಡಸರು ಸಾಲಾಗಿ ನಿಂತಂತೆ ಅವು ತೊಟ್ಟಿಕ್ಕುತ್ತಿದ್ದವು. ಪುಟ್ಟಿಗೆ ಭಯವೇ ಇಲ್ಲ. ಅವಳಿಗೆ ಅವೆಲ್ಲ ಮಾವಂದಿರು. ಒಂದೊಂದಕ್ಕೂ ಒಂದೊಂದು ಹೆಸರು. ತೋಳು ಹಿಡಿದು ಜೋತಾಡುವಳು. ಒಳಗೆ ನುಸುಳಿ ನಿಂತು "ಎಲ್ಲಿದೀನಿ ಹೇಳಿ" ಅನ್ನುವಳು. ನಿದ್ದೆ ಬಂದರೆ ತೋಳಿನ ತುದಿಯನ್ನೇ ಬಾಯಿಗಿಟ್ಟು ಚೀಪುವಳು.

ಪುಟ್ಟಿಗೆ ಉಬ್ಬಸ ಹಿಡಿಯಿತು. ಎದೆಯೊಳಗೆ ಬೆಕ್ಕಿನ ಮರಿ ಕೂತು ಕೂಗಿದಂತೆ ಸದ್ದು. ಆಸ್ಪತ್ರೆಯ ಡಾಕ್ಟರು ಕೊಳವೆ ಇಟ್ಟು ನೋಡಿದರು. "ಮನೇಲಿ ಯಾರಾದ್ರೂ ಬೀಡಿ ಸಿಗರೇಟು ಸೇದ್ತಾರಾ?"

"ಯಾರೂ ಇಲ್ಲ ಡಾಕ್ಟ್ರೇ," ಅಂದಳು ಸೊಸೆ.

"ಸೌದೆ ಒಲೆನಾ?"

"ಇಲ್ಲ, ಗ್ಯಾಸು."

"ಹಂಗಾದ್ರೆ ಹೊಗೆ ಎಲ್ಲಿಂದ ಬರುತ್ತೆ?" ಅಂತ ಡಾಕ್ಟರು ತಮ್ಮನ್ನೇ ಕೇಳಿಕೊಂಡರು. ಸೋಪಕ್ಕ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಊರಿನ ಹೊಗೆಯೆಲ್ಲ ಅವಳ ತಲೆ ಮೇಲೆ ಕೂತು ಮನೆಗೆ ಬರುತ್ತಿತ್ತು. ಅದು ಅವಳಿಗೆ ಆಗ ಅರ್ಧ ಗೊತ್ತಿತ್ತು. ಉಳಿದ ಅರ್ಧ ತರಬೇತಿಯ ದಿನ ಗೊತ್ತಾಯಿತು.

ತರಬೇತಿಗೆ ದೊಡ್ಡ ಊರಿನಿಂದ ಒಬ್ಬ ಮೇಡಂ ಬಂದಿದ್ದರು. ಠಾಣೆಯ ದೊಡ್ಡ ಕೋಣೆಯಲ್ಲಿ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತರು. ಗೋಡೆ ಮೇಲೆ ಪರದೆ. ನೀರು ಕೊಡಲು ಸೋಪಕ್ಕ ಹಿಂದೆ ನಿಂತಳು. ಮೇಡಂ ಒಳ್ಳೆಯವರು. ಮಾತಾಡುವಾಗ ಕಣ್ಣಲ್ಲಿ ನೀರು ಬಂತು. ಅವರ ಅಪ್ಪನೂ ಬೆಂಕಿ ಆರಿಸುತ್ತಿದ್ದವರಂತೆ.

"ಕೋಟನ್ನ ಬರಿಗೈಲಿ ಮುಟ್ಟಬೇಡಿ. ಗ್ಲೌಸ್ ಹಾಕ್ಕೊಂಡೇ ಬಿಚ್ಚಿ. ಗಾಡಿ ಸೀಟಿನ ಮೇಲೆ ಇಡಬೇಡಿ. ಯಾವ ಕಾರಣಕ್ಕೂ ಮನೆಗೆ ಒಯ್ಯಬೇಡಿ. ಅದರಲ್ಲೂ ಮನೇಲಿ ಚಿಕ್ಕ ಮಕ್ಕಳಿದ್ರೆ ಅದರ ಹತ್ರಕ್ಕೂ ಬಿಡಬೇಡಿ. ಮಕ್ಕಳ ಎದೆ ಇನ್ನೂ ಹಸಿ ಇರುತ್ತೆ."

ಆಮೇಲೆ ಅವರು ಒಂದು ಕೆಂಪು ಚೀಲ ಎತ್ತಿ ತೋರಿಸಿದರು. ದಪ್ಪ ಚೀಲ, ಬಾಯಿಗೆ ಬಿಗಿಯುವ ದಾರ, ಮೇಲೆ ತಲೆಬುರುಡೆಯ ಚಿತ್ರ. ಕೋಟುಗಳನ್ನು ಬೆಂಕಿಯ ಜಾಗದಲ್ಲೇ ಇದಕ್ಕೆ ತುಂಬಿ ಬಾಯಿ ಕಟ್ಟಿಬಿಡಬೇಕು. ಮತ್ತೆ ನೀವು ಮುಟ್ಟುವ ಹಾಗೇ ಇಲ್ಲ.

ಹಿಂದಿನ ಸಾಲಿನ ಒಬ್ಬ ಕೈ ಎತ್ತಿದ. "ಕಟ್ಟಿದ ಮೇಲೆ ಬಿಚ್ಚೋರು ಯಾರು ಮೇಡಂ?"

"ಅದನ್ನ ನಿಮ್ಮ ಒಗೆಯೋ ಘಟಕದೋರು ನೋಡ್ಕೋತಾರೆ."

ಕೂತವರ ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಹಿಂದೆ ಘಟಕವು ನೀರಿನ ಲೋಟ ಹಿಡಿದುಕೊಂಡು ನಿಂತಿತ್ತು.

ತಲೆಗಳು ಹಾಗೇ ಮುಂದಕ್ಕೆ ತಿರುಗಿಕೊಂಡವು. ಮೇಡಂಗೆ ಯಾಕೆ ತಿರುಗಿದವು ಅಂತ ತಿಳಿಯಲಿಲ್ಲ. ಬಾಯಾರಿಕೆ ಇರಬೇಕು ಅಂದುಕೊಂಡು, "ನೀರು ಕೊಡಮ್ಮಾ ಅವರಿಗೆ" ಅಂದರು.

ಎಲ್ಲರೂ ಎದ್ದು ಹೋಗುವಾಗ ಸೋಪಕ್ಕ ಮಸಿಯಣ್ಣನನ್ನು ಬಾಗಿಲಲ್ಲಿ ಹಿಡಿದಳು.

"ಅಣ್ಣಾ, ಆಯಮ್ಮ ಹೇಳಿದ್ದು ನಿಜನಾ?"

"ಓದಿರೋರು ಸುಳ್ಳು ಯಾಕಕ್ಕಾ ಹೇಳ್ತಾರೆ?"

"ಹಂಗಾದ್ರೆ ನಂಗೆ?"

"ನಿಂಗೇನಕ್ಕಾ, ನೀನು ಬೆಂಕಿಗೆ ಹೋಗಲ್ವಲ್ಲ." ಬಾಯಿ ಹಾಗಂದಿತು. ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು. ಮಸಿಯಣ್ಣ ಕೆಮ್ಮು ಬಂದವನ ಹಾಗೆ ಮುಖ ತಿರುಗಿಸಿ ನಡೆದ.

ಅವಳು ಸಾಹೇಬರ ಬಾಗಿಲಿಗೆ ಹೋಗಿ ನಿಂತಳು. ಒಂದು ಜೊತೆ ಗ್ಲೌಸು ಕೇಳಿದಳು. ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. ತಿಳಿಯದವರಿಗೆ ತಿಳಿಹೇಳುವ ಧ್ವನಿಯಲ್ಲೇ ಹೇಳಿದರು.

"ನೋಡಮ್ಮಾ, ಗ್ಲೌಸು ಬಂದಿರೋದು ಸಿಬ್ಬಂದಿಗೆ."

"ನಾನು ಯಾರು ಸಾರ್?"

"ನೀನು ಹೊರಗುತ್ತಿಗೆ. ನೀನು ಕೇಳ್ಬೇಕಾದ್ದು ಗುತ್ತಿಗೆದಾರನ್ನ."

ಗುತ್ತಿಗೆದಾರನನ್ನು ಅವಳು ನೋಡಿದ್ದು ಒಂದೇ ಸಲ. ಆಗ ಅವನು ಕಾರಿನೊಳಗಿದ್ದ, ಗಾಜು ಏರಿಸಿತ್ತು.

ಆ ತಿಂಗಳೇ ಟೈರಿನ ಗೋದಾಮಿಗೆ ಬೆಂಕಿ ಬಿತ್ತು. ಟೈರಿನ ಬೆಂಕಿ ಆರುವ ಜಾತಿಯದಲ್ಲ. ಹಗಲೆಲ್ಲ ಉರಿಯಿತು, ಊರ ಮೇಲೆ ಕಪ್ಪು ಕಂಬಳಿ ಹೊದಿಸಿತು. ಹೋದವರೆಲ್ಲ ಸುರಕ್ಷಿತವಾಗಿ ಬಂದರು. ಮೇಡಂ ಕಲಿಸಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದರು. ಗೋದಾಮಿನ ಮುಂದೆಯೇ ಕೋಟು ಕಳಚಿ, ಗ್ಲೌಸು ಹಾಕಿ ಚೀಲಕ್ಕೆ ತುಂಬಿ, ಬಾಯಿ ಬಿಗಿದರು. ಗಾಡಿಯ ಸೀಟಿಗೆ ಮಸಿ ತಾಗಬಾರದು ಅಂತ ಚೀಲಗಳನ್ನು ಗಾಡಿಯ ಹಿಂದೆ ಹಗ್ಗದಲ್ಲಿ ಕಟ್ಟಿ ತಂದರು. ಸೀಟಿಗೆ ತಾಗಬಾರದ್ದು ಸೋಪಕ್ಕನ ತಲೆಗೆ ತಾಗಬಹುದಿತ್ತು.

"ನಾಳೆ ಮಧ್ಯಾಹ್ನಕ್ಕೆ ಎಲ್ಲಾ ಫಳಫಳ ಅನ್ಬೇಕು," ಅಂದರು ಸಾಹೇಬರು. "ದೊಡ್ಡ ಸಾಹೇಬ್ರು ಬರ್ತಾರೆ. ಶುಭ್ರ ಕೋಟು ಅಭಿಯಾನಕ್ಕೆ ನಮ್ಮ ಠಾಣೇನೇ ಮಾದರಿ ಅಂತ ಆಯ್ಕೆ ಮಾಡಿದಾರೆ."

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಅತ್ತೆ ಸೊಸೆ ಇಬ್ಬರೂ ಚೀಲಗಳನ್ನು ಕಲ್ಲಿನ ಹತ್ತಿರ ಎಳೆದರು. ಸೋಪಕ್ಕ ದಾರದ ಗಂಟಿಗೆ ಬೆರಳು ಹಾಕಿದಳು. ಕಟ್ಟಿದವನು ಭಯದಿಂದ ಕಟ್ಟಿದ್ದ, ಗಂಟು ಕಲ್ಲಾಗಿತ್ತು. ಅಷ್ಟರಲ್ಲಿ ಪುಟ್ಟಿ ಓಡಿ ಬಂದಳು. ರಾತ್ರಿಯೆಲ್ಲ ಉಸಿರಿಗೆ ಒದ್ದಾಡಿದ ಮಗು. ಮುಖ ಬಿಳುಚಿತ್ತು. ಚೀಲ ಕಂಡಕೂಡಲೇ ಮುಖ ಅರಳಿತು.

"ಅಜ್ಜೀ, ಮಾವಂದ್ರು ಬಂದ್ರಾ?" ಅಂತ ಚೀಲವನ್ನು ತಬ್ಬಿಕೊಂಡಳು. ಕೆನ್ನೆ ತಲೆಬುರುಡೆಗೆ ಒತ್ತಿತು. ಎದೆಯೊಳಗಿನ ಬೆಕ್ಕಿನ ಮರಿ ಕುಂಯ್ ಅಂದಿತು.

ಸೋಪಕ್ಕನ ಕೈ ಗಂಟಿನ ಮೇಲೆ ನಿಂತಿತು.

"ಇದರ ಮೇಲೆ ಏನು ಬರೆದಿದೆ ಓದೇ," ಅಂದಳು ಸೊಸೆಗೆ.

ಸೊಸೆ ಮಗುವನ್ನು ಆಚೆ ಸರಿಸಿ ಓದಿದಳು. "ಅಪಾಯ. ಬರಿಗೈಯಿಂದ ಬಿಚ್ಚಬಾರದು. ಮನೆಗೆ ಒಯ್ಯಬಾರದು. ಮಕ್ಕಳಿಂದ ದೂರವಿಡಿ."

"ಇನ್ನೊಂದ್ಸಲ ಓದು."

ಸೊಸೆ ಓದಿದಳು. ಸೋಪಕ್ಕನಿಗೆ ನಗು ಬಂತು. ತಡೆಯಲಾಗದ ನಗು. ನಲ್ಲಿಗೆ ಬಂದ ಹೆಂಗಸರೆಲ್ಲ ತಿರುಗಿ ನೋಡಿದರು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ಹೋದವಳು ತನ್ನ ಕೈಯನ್ನೇ ನೋಡಿ, ಒರೆಸದೆ ಬಿಟ್ಟಳು.

"ಬರೆದಿರೋರು ದೊಡ್ಡೋರು ಕಣೇ. ಅವರ ಮಾತು ಮೀರಬಾರದು. ಎತ್ತು."

"ಎಲ್ಲಿಗೆ?"

"ಎಲ್ಲಿಂದ ಬಂತೋ ಅಲ್ಲಿಗೆ."

"ಕೆಲಸ ಹೋಗುತ್ತೆ ಅತ್ತೆ."

"ಹೋಗ್ಲಿ. ಅದೇನು ನಮ್ಮನೆ ಅಳಿಯನಾ, ಕಾಲು ಹಿಡಿದು ಕೂರಿಸ್ಕೊಳ್ಳೋಕೆ?"

ಸೊಸೆ ಮಗುವನ್ನು ಪಕ್ಕದ ಮನೆಯವಳ ಸೊಂಟಕ್ಕೆ ಏರಿಸಿದಳು. ಸೆರಗು ಸಿಂಬೆ ಸುತ್ತಿ ದೊಡ್ಡ ಚೀಲವನ್ನು ತಾನೇ ಹೊತ್ತಳು.

ಠಾಣೆಯ ಅಂಗಳದಲ್ಲಿ ರಂಗು ರಂಗಿನ ಕಾಗದ ಕಟ್ಟುತ್ತಿದ್ದರು. ಸೋಪಕ್ಕ ಯಾರನ್ನೂ ಕೇಳಲಿಲ್ಲ. ನೇರ ಸಾಹೇಬರ ಕೋಣೆಗೆ ಹೋದಳು. ಗಾಜು ಹಾಸಿದ ಮೇಜಿನ ಮೇಲೆ ಚೀಲ ಇಳಿಸಿದಳು. ಧೊಪ್ ಅಂದಿತು. ಪೆನ್ನು ಉರುಳಿತು. ಸೊಸೆ ಇನ್ನೊಂದನ್ನು ಅದರ ಪಕ್ಕಕ್ಕೆ ಇಳಿಸಿದಳು.

ಸಾಹೇಬರು ಕುರ್ಚಿ ಸಮೇತ ಹಿಂದಕ್ಕೆ ಸರಿದರು.

"ಏನಿದು? ಒಗೆದಿಲ್ವಾ?"

"ಬಿಚ್ಚಬಾರದು ಅಂತ ಬರೆದಿದೆ ಸಾರ್. ಬಿಚ್ಚಲಿಲ್ಲ. ಮನೆಗೆ ಒಯ್ಯಬಾರದು ಅಂತ ಬರೆದಿದೆ. ತಪ್ಪಾಗೋಯ್ತು, ಒಯ್ದುಬಿಟ್ಟಿದ್ದೆ. ವಾಪಸ್ಸು ತಂದಿದೀನಿ."

"ಅದು ನಿನಗಲ್ಲಮ್ಮ ಬರೆದಿರೋದು!"

"ಯಾರಿಗೆ ಅಂತ ಬರೆದಿಲ್ವಲ್ಲ ಸಾರ್."

ಸಾಹೇಬರ ಮುಖ ಕೆಂಪಾಯಿತು, ಚೀಲದ ಬಣ್ಣಕ್ಕೆ ಬಂತು. ಧ್ವನಿ ಏರಿತು. "ಇವರೆಲ್ಲ ಜೀವ ಪಣಕ್ಕಿಟ್ಟು ಊರು ಕಾಯೋರು. ಇವರ ಆರೋಗ್ಯದ ಜೊತೆ ಆಟ ಆಡ್ತೀಯಾ? ಮಸಿ ಕೋಟು ಹಾಕ್ಕೊಂಡು ಇವರಿಗೆ ನಾಳೆ ಏನಾದ್ರೂ ಆದ್ರೆ ಆ ಪಾಪ ಯಾರಿಗೆ?"

ಬಾಗಿಲಲ್ಲಿ ಗುಂಪು ಸೇರಿತ್ತು. ಸೋಪಕ್ಕ ಎರಡೂ ಕೈ ಮುಂದಕ್ಕೆ ಚಾಚಿದಳು. ಸೀಳಿದ ಬೆರಳು, ಕಪ್ಪು ಉಗುರು, ಸುಲಿದ ಅಂಗೈ. ತೋರಿಸಿದ್ದು ಸಾಹೇಬರಿಗಲ್ಲ. ಬಾಗಿಲ ಕಡೆ ತಿರುಗಿ ತೋರಿಸಿದಳು.

"ನಿಮ್ಮ ಮೈಯಿಂದ ಹೋಗಿದ್ದು ಎಲ್ಲಿಗೆ ಹೋಯ್ತು ಅಂತ ಅಂದ್ಕೊಂಡಿದ್ರಪ್ಪಾ? ಇಲ್ಲಿಗೆ. ಇಲ್ಲಿಂದ ನನ್ನ ಮೊಮ್ಮಗಳ ಎದೆಗೆ. ನೀವು ಚೆನ್ನಾಗಿರಿ. ನಾನು ಬೇಡ ಅನ್ನಲ್ಲ. ನನ್ನ ಮಗು ಕೊಟ್ಟು ಅಲ್ಲ."

ಗೋಡೆಯ ಫ್ಯಾನು ಮಾತ್ರ ಇತ್ತಿಂದತ್ತ ತಲೆಯಾಡಿಸಿತು.

ಸಾಹೇಬರು ಬಾಗಿಲಿನವರಿಗೆ ಕೂಗಿದರು. "ಏಯ್, ಯಾರಾದ್ರೂ ಒಬ್ರು ಬಂದು ಇದನ್ನ ಬಿಚ್ರೋ. ದೊಡ್ಡ ಸಾಹೇಬ್ರು ಬರೋ ಹೊತ್ತಾಯ್ತು."

ಎಲ್ಲರೂ ಮಸಿಯಣ್ಣನನ್ನು ನೋಡಿದರು. ಉರಿಯುವ ಮನೆಗೆ ಮೊದಲು ನುಗ್ಗುವವನು ಅವನೇ. ಮಸಿಯಣ್ಣ ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡ.

"ಬರಿಗೈಲಿ ಬಿಚ್ಚಬಾರದು ಸಾರ್. ಬರೆದಿದೆ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಸಾಹೇಬರು ರೂಲರಿನ ತುದಿಯಿಂದ ಚೀಲವನ್ನು ನೂಕಲು ನೋಡಿದರು. ಚೀಲ ಅಲುಗಲಿಲ್ಲ.

ಆಮೇಲೆ ನಡೆದದ್ದೆಲ್ಲ ಪವಾಡ. ಇಲ್ಲದ ಗ್ಲೌಸು ಕ್ಷಣದಲ್ಲಿ ಬಂತು, ಡಬ್ಬಗಟ್ಟಲೆ. ಮುಖಗವಸು ಬಂತು, ಕನ್ನಡಕ ಬಂತು, ಮೊಣಕಾಲವರೆಗಿನ ಬೂಟು ಬಂತು. ಠಾಣೆಯಲ್ಲಿ ನೀರೂ ಇತ್ತು. ಬೆಂಕಿಗೆ ಅಂತ ಇಟ್ಟ ನೀರಿನ ಪೈಪನ್ನೇ ಅಂಗಳಕ್ಕೆ ಎಳೆದು, ಚಂದ್ರಲೋಕಕ್ಕೆ ಹೊರಟವರ ಹಾಗೆ ವೇಷ ಹಾಕಿಕೊಂಡು ಗಂಡಸರು ಕೋಟು ಉಜ್ಜಿದರು. ಅರ್ಧ ಗಂಟೆಗೆ ಒಬ್ಬನ ಸೊಂಟ ಹಿಡಿಯಿತು. ಇನ್ನೊಬ್ಬ ವಾಕರಿಸಿದ. "ಥೂ, ಇದನ್ನ ಮನುಷ್ಯರು ಮಾಡ್ತಾರೇನೋ," ಅಂದ ಹೊಸದಾಗಿ ಸೇರಿದ ಮದುಮಗನೊಬ್ಬ. ಅಂದವನು ಕಟ್ಟೆಯ ಮೇಲೆ ಕೂತಿದ್ದ ಸೋಪಕ್ಕನನ್ನು ಕಂಡು ನಾಲಿಗೆ ಕಚ್ಚಿಕೊಂಡ.

ದೊಡ್ಡ ಸಾಹೇಬರು ಬಂದಾಗ ಅದೇ ದೃಶ್ಯ. ಅವರ ಎದೆ ಒಡೆಯಿತು. "ಛೆ ಛೆ, ನಮ್ಮ ವೀರರು ಕೈಯಲ್ಲಿ ಬಟ್ಟೆ ಒಗೆಯೋದಾ?" ಎಷ್ಟೋ ಕಾಲದಿಂದ ಒಂದು ಹೆಂಗಸು ಒಗೆದಾಗ ಕಾಣದ ಅನ್ಯಾಯ, ಗಂಡಸರು ಒಂದು ಮಧ್ಯಾಹ್ನ ಒಗೆದಾಗ ಕಣ್ಣಿಗೆ ರಾಚಿತು. ತಿಂಗಳೊಳಗೆ ಯಂತ್ರ ಬಂತು. ದೊಡ್ಡ ಹೊಟ್ಟೆಯ ಬಿಳಿ ಯಂತ್ರ. ರಿಬ್ಬನ್ನು ಕತ್ತರಿಸಿದರು. ಫೋಟೋ ತೆಗೆದರು. ಯಂತ್ರ ಬಂತಲ್ಲ, ಇನ್ನು ನೀನು ಬರೋದು ಬೇಡ ಅಂತ ಸೋಪಕ್ಕನಿಗೆ ಹೇಳಿ ಕಳಿಸಿದರು.

ಅವಳು ನಾಕು ಮನೆಯ ಬಟ್ಟೆ ಹಿಡಿದಳು. ಹೊಟ್ಟೆ ಅರ್ಧ ತುಂಬಿತು. ಕೋಣೆಯ ಹಗ್ಗದ ಮೇಲೆ ತಲೆಯಿಲ್ಲದ ಗಂಡಸರು ಇಲ್ಲ. ಮಾವಂದಿರು ಎಲ್ಲಿ ಅಂತ ಪುಟ್ಟಿ ಕೆಲವು ದಿನ ಅತ್ತಳು. ಆಮೇಲೆ ಅಳಲು ಬೇಕಾದಷ್ಟು ಉಸಿರು ಬಂದಿತು, ಅಳುವುದು ಮರೆತಳು. ಕೋಟಿನಿಂದಲೇ ಬಂದ ಉಬ್ಬಸ ಅಂತ ಡಾಕ್ಟರು ಹೇಳಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ. ಮುಂದೆ ಏನಾಗುತ್ತದೆ ಅಂತ ಕೇಳಿದ್ದಕ್ಕೆ, ಆಗಾಗ ಎದೆ ತೋರಿಸುತ್ತಿರಬೇಕು ಅಂದರು.

ಹೀಗಿರುವಾಗ ಒಂದು ಬೆಳಿಗ್ಗೆ ಮಸಿಯಣ್ಣ ಕೇರಿಗೆ ಬಂದ. ಸಾಹೇಬರು ಕರೆಯುತ್ತಾರೆ ಅಂದ. ಯಾಕೆ ಅಂದಳು. ಅವನು ಯಾಕೆ ಅಂತ ಹೇಳಲು ನಾಚಿದ.

ಯಂತ್ರ ಕೆಟ್ಟಿರಲಿಲ್ಲ. ಕಟ್ಟಿಕೊಂಡಿತ್ತು. ಅದರ ಹೊಟ್ಟೆಯ ಕೆಳಗೆ ಒಂದು ಜಾಲರಿ. ಕೋಟುಗಳ ಮಸಿಯೆಲ್ಲ ಇಳಿದು ಅಲ್ಲಿ ಹೆಪ್ಪುಗಟ್ಟುತ್ತದೆ. ಕಪ್ಪು ಬೆಣ್ಣೆಯ ಹಾಗೆ. ಅದನ್ನು ಕೈ ಹಾಕಿ ಬಾಚಬೇಕು. ರಿಪೇರಿಯವನು ನೋಡಿ, ಅದು ನನ್ನ ಕೆಲಸ ಅಲ್ಲ ಅಂದ. ಗಂಡಸರು ವಿಷ ಸಾರ್ ಅಂದರು. ಕೋಟುಗಳೆಲ್ಲ ಯಂತ್ರದೊಳಗೆ ಕಪ್ಪು ನೀರಲ್ಲಿ ಮುಳುಗಿ ಕೂತಿದ್ದವು. ಬೆಂಕಿ ಬಿದ್ದರೆ ಹಾಕಿಕೊಳ್ಳಲು ಠಾಣೆಯಲ್ಲಿ ಕೋಟಿರಲಿಲ್ಲ.

"ಬಾಮ್ಮಾ ಬಾ," ಅಂದರು ಸಾಹೇಬರು. ಬಾಯಲ್ಲಿ ಜೇನು ಸುರಿಯಿತು. "ಹಳೇದೆಲ್ಲ ಮರೆತುಬಿಡೋಣ. ಯಂತ್ರ ಎಷ್ಟು ದೊಡ್ಡದಾದ್ರೂ ಮನುಷ್ಯರ ಕೈ ಬೇಕೇ ಬೇಕು ನೋಡು. ಬೇರೆಯವರಿಗೆ ಇದು ಆಗಲ್ಲ. ನಿನಗೆ ಅಭ್ಯಾಸ ಇದೆ."

"ಇದೆ ಸಾರ್," ಅಂದಳು ಸೋಪಕ್ಕ.

"ಸರಿ ಮತ್ತೆ. ಒಂದು ಬಕೀಟು ತಗೊಂಡು..."

ಸೋಪಕ್ಕ ಮೇಜಿನ ಮುಂದಿದ್ದ ಕುರ್ಚಿಯನ್ನು ಎಳೆದಳು. ಅದರ ಕಾಲು ನೆಲಕ್ಕೆ ಉಜ್ಜಿ ಕಿರ್ ಅಂದಿತು. ಕೂತಳು.

ಸಾಹೇಬರ ಮಾತು ಬಕೀಟಿನಲ್ಲೇ ನಿಂತಿತು.

"ಮೊದಲು ಗ್ಲೌಸು," ಅಂದಳು. "ಮುಖಕ್ಕೆ ಮುಚ್ಚಿಕೊಳ್ಳೋದು. ಬೂಟು. ಕೆಲಸ ಇಲ್ಲೇ, ಮನೆಗೆ ಒಂದು ನೂಲೂ ಬರಲ್ಲ. ಬೆಂಕಿಗೆ ಹೋಗೋರ ಎದೆ ನೋಡೋ ಇಲಾಖೆ ಡಾಕ್ಟ್ರು ನಂದೂ ನೋಡ್ಬೇಕು. ನಮ್ಮ ಪುಟ್ಟೀದೂ ನೋಡ್ಬೇಕು. ಆಮೇಲೆ ಬಕೀಟು."

"ಅದೆಲ್ಲ ಸಿಬ್ಬಂದಿಗೆ ಅಂತ ಹೇಳಿದ್ನಲ್ಲಮ್ಮಾ..."

"ಹಂಗಾದ್ರೆ ಸಿಬ್ಬಂದಿ ಕೈಲೇ ಬಾಚಿಸಿ."

ಹೊರಗೆ ಯಂತ್ರ ಒಮ್ಮೆ ಗುಡುಗುಟ್ಟಿತು. ಹೊಟ್ಟೆ ತೊಳಸಿದಂತಾಗಿ, ಮತ್ತೆ ಸುಮ್ಮನಾಯಿತು. ಸಾಹೇಬರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಬೇರೆ ಏನೂ ತೋಚದೆ ಕುರ್ಚಿಯನ್ನು ತೋರಿಸಿದರು.

"ಎದ್ದೇಳು ಮೊದ್ಲು. ಅದು ಬಂದ ಅತಿಥಿಗಳು ಕೂರೋ ಕುರ್ಚಿ."

ಸೋಪಕ್ಕ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಎರಡೂ ಕೈಗಳನ್ನು ಗಾಜಿನ ಮೇಲೆ ಹರಡಿ ಇಟ್ಟಳು.

"ಬಾ ಅಂತ ಹೇಳಿ ಕಳಿಸಿದ್ದು ನೀವೇ ತಾನೇ ಸಾರ್?"